ಮುಂದಕ್ಕೆ ಸರಿಸಿದ ಸೀಟು

ಅಮೆರಿಕದಲ್ಲಿ ಸರೋವರದ ದಂಡೆಯ ಊರಾದ ಪೋರ್ಟ್ ಹೆಲೆನ್ನಿನ ಸೇಂಟ್ ಹೆಡ್ವಿಗ್ ಚರ್ಚಿನ ನೆಲಮಾಳಿಗೆಯಲ್ಲಿ ಪ್ರತಿ ಗುರುವಾರ ಸಂಜೆ ಹನ್ನೊಂದು ಮಂದಿ ವೀರರು ಸೇರುತ್ತಾರೆ. ನಾನೂ ಅವರಲ್ಲೊಬ್ಬ. ಹನ್ನೊಂದು ಜನರಲ್ಲಿ ಲೋಹದ ಮಂಡಿಗಳು ಏಳು, ಎದೆಯೊಳಗೆ ಬ್ಯಾಟರಿ ಇಟ್ಟುಕೊಂಡವರು ಇಬ್ಬರು. ಎಲ್ಲರ ಕೈಯಲ್ಲೂ ಒಂದೊಂದು ಬೂಟಿನ ಡಬ್ಬ. ಡಬ್ಬದೊಳಗೆ ಹತ್ತಿ ಸುತ್ತಿ ಮಲಗಿಸಿದ ಗೇಣುದ್ದದ ಪ್ಲಾಸ್ಟಿಕ್ ಕಾರು. ನಿಜವಾದ ಕಾರಿನ ಇಪ್ಪತ್ತೈದನೇ ಒಂದು ಪಾಲು ಅಳತೆ, ಹೆಮ್ಮೆ ಮಾತ್ರ ಇಪ್ಪತ್ತೈದು ಪಾಲು ಹೆಚ್ಚು.

ಇವರಲ್ಲಿ ಒಬ್ಬೊಬ್ಬನೂ ಹರೆಯದಲ್ಲಿ ಒಂದು ಮಹಾರಥದ ಒಡೆಯನಾಗಿದ್ದವನು. ಒಬ್ಬನದು ಪಾಂಟಿಯಾಕ್, ಒಬ್ಬನದು ಮಸ್ಟಾಂಗ್, ಒಬ್ಬನದು ಡಾಜ್. ಬಾನೆಟ್ಟಿನ ಕೆಳಗೆ ಮುನ್ನೂರು ಕುದುರೆ, ಟೈರಿನಿಂದ ಏಳುವ ಹೊಗೆ, ದೀಪ ಹಸಿರಾದೊಡನೆ ಊರಿಗೆಲ್ಲ ಕೇಳುವ ಗರ್ಜನೆ. ನಮ್ಮವರು ತಮ್ಮದಾಗಿತ್ತು ಎಂದು ಹೇಳಿಕೊಂಡ ಕಾರುಗಳೆಲ್ಲ ನಿಜಕ್ಕೂ ಇದ್ದಿದ್ದರೆ ಡೆಟ್ರಾಯ್ಟಿನವರು ಇನ್ನೂ ಮೂರು ಕಾರ್ಖಾನೆ ಕಟ್ಟಿಸಬೇಕಾಗುತ್ತಿತ್ತು. ಎಲ್ಲ ಕಾರುಗಳೂ ಹೋದದ್ದು ಸರಿಸುಮಾರು ಒಂದೇ ಕಾಲದಲ್ಲಿ, ಪೆಟ್ರೋಲು ತುಟ್ಟಿಯಾಗಿ ಕಾರ್ಖಾನೆಗಳು ಕೆಲಸದವರನ್ನು ಮನೆಗೆ ಕಳಿಸಿದ ಆ ಎರಡು ಮೂರು ವರ್ಷಗಳಲ್ಲಿ. ಸಾಕಾಯಿತೆಂದು ಮಾರಿದವನು ನಮ್ಮಲ್ಲಿ ಒಬ್ಬನೂ ಇಲ್ಲ. ಎಲ್ಲರಿಂದಲೂ ಅದನ್ನು ಕಾಲವೇ ಕಿತ್ತುಕೊಂಡಿತು. ಅದಕ್ಕೇ ಈಗ ಚಿಮಟ ಹಿಡಿದು, ಉಸಿರು ಬಿಗಿಹಿಡಿದು, ಅದನ್ನೇ ಮತ್ತೆ ಮತ್ತೆ ಕಟ್ಟುತ್ತಾರೆ.

ಈ ಸೇನೆಯಲ್ಲಿ ಎಲ್ಲರಿಗಿಂತ ಎತ್ತರದವನು ನಾರ್ಬರ್ಟ್ ಗಪಿನ್ಸ್ಕಿ. ಆರಡಿ ಮೂರಂಗುಲ. ತಗಡು ಒತ್ತುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದ ಕೈ ಸಲಿಕೆಯಂತಿದೆ. ಅದೇ ಕೈ ಅಕ್ಕಿಕಾಳಿನಷ್ಟು ಚಿಕ್ಕ ಕನ್ನಡಿಯನ್ನು ಬಾಗಿಲಿಗೆ ಅಂಟಿಸುವುದನ್ನು ನೋಡಿದರೆ ಆನೆ ಸೂಜಿಗೆ ದಾರ ಪೋಣಿಸಿದಂತೆ ಕಾಣುತ್ತದೆ. ಅವನ ಕಾರ್ಯಾಗಾರ ಮನೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಕ್ಕೂ ದೊಡ್ಡ ಫ್ರೀಜರಿಗೂ ನಡುವೆ. ಯಂತ್ರ ತಿರುಗತೊಡಗಿದರೆ ಮೇಜು ಗಡಗಡ ನಡುಗುತ್ತದೆ. ಆದ್ದರಿಂದ ಗಂಡ ಹೆಂಡತಿಯ ನಡುವೆ ಹಳೆಯ ಒಪ್ಪಂದವೊಂದಿದೆ: ಸೋಮವಾರ, ಶುಕ್ರವಾರ ಬಟ್ಟೆ; ಉಳಿದ ದಿನ ಅಂಟು. ಎರಡು ದೇಶಗಳ ನಡುವೆ ಇಷ್ಟು ಚೆನ್ನಾಗಿ ಉಳಿದ ಒಪ್ಪಂದ ನಾನು ಕಂಡಿಲ್ಲ.

ನಾರ್ಬರ್ಟನ ಮಹಾರಥ 1970ರ ಷೆವೆಲ್. ಕಡುನೀಲಿ ಬಣ್ಣ, ನಾಲ್ಕು ಗೇರು. ಹದಿನೈದು ವರ್ಷದ ಹಿಂದೆ ಕ್ಲಬ್ಬಿಗೆ ಸೇರಿದಾಗ ಅದರ ಎಂಜಿನ್ನು ಮುನ್ನೂರ ಐವತ್ತು ಘನ ಇಂಚಿನದು ಎಂದಿದ್ದ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅದು ಮುನ್ನೂರ ತೊಂಬತ್ತಾರಾಯಿತು. ಆಮೇಲೆ ನಾನೂರ ಐವತ್ತನಾಲ್ಕು. ಬಾನೆಟ್ಟನ್ನು ಯಾರೂ ತೆರೆಯದೆಯೇ ಎಂಜಿನ್ನು ಬೆಳೆದದ್ದಕ್ಕೆ ನಾವು ಆಕ್ಷೇಪ ಎತ್ತಲಿಲ್ಲ. ನಮ್ಮ ಎಂಜಿನ್ನುಗಳೂ ಬೆಳೆಯುವ ವಯಸ್ಸಿನಲ್ಲೇ ಇದ್ದವು.

ನಾರ್ಬರ್ಟನ ಕಥೆಯಲ್ಲಿ ಎಂಜಿನ್ನಿಗಿಂತ ದೊಡ್ಡ ಸುಳ್ಳು ಇನ್ನೊಂದಿತ್ತು. ಕಾರು ಅವನದಾಗಿರಲಿಲ್ಲ. ಅವನ ಹೆಂಡತಿ ಅರ್ಲೀನಳದು.

ಅರ್ಲೀನ್ ಐದಡಿಗೆ ಒಂದಂಗುಲ ಕಡಿಮೆ. ಇಪ್ಪತ್ತರ ವಯಸ್ಸಿಗೆ ಕಾರಿನ ಸೀಟುಗಳಿಗೆ ಹೊದಿಕೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ದಿನವೂ ಊರವರೆಲ್ಲರ ಕಾರಿಗೆ ಸೀಟು ಹೊಲಿದು, ಸಂಜೆ ಬಸ್ಸಿನ ಸೀಟಿನಲ್ಲಿ ಕೂತು ಮನೆಗೆ ಹೋಗುವುದು ಆಕೆಗೆ ಸರಿಬರಲಿಲ್ಲ. ತನ್ನ ದುಡಿಮೆಯಲ್ಲಿ ತಾನೇ ಆರಿಸಿದ ಷೆವೆಲ್ ಕೊಂಡಳು. ಸಾಲ ಕೊಡುವ ಬ್ಯಾಂಕಿನವರು ಮಾತ್ರ ಮದುವೆಯಾಗದ ಹುಡುಗಿಯ ಸಹಿ ಸಾಲದು, ಗಂಡಸಿನ ಸಹಿ ಬೇಕು ಎಂದರು. ಹಾಗಾಗಿ ಕಾಗದಪತ್ರವೆಲ್ಲ ಆಕೆಯ ಅಪ್ಪನ ಹೆಸರಿನಲ್ಲಾಯಿತು. ಅಪ್ಪ ಆ ಕಾರಿನಲ್ಲಿ ಒಂದೇ ಒಂದು ಸಲ ಕೂತು, ದೇವರನ್ನು ನೆನೆಯುತ್ತಾ ಇಳಿದು, ಮತ್ತೆಂದೂ ಹತ್ತಲಿಲ್ಲ.

ನಾರ್ಬರ್ಟ್ ಹತ್ತಿದ. ಆಗೆಲ್ಲ ಮುಂದಿನ ಸೀಟು ಬೆಂಚಿನಂತೆ ಉದ್ದಕ್ಕೆ ಒಂದೇ. ಓಡಿಸುವ ಹುಡುಗನಿಗೆ ಒತ್ತಿಕೊಂಡು ನಡುವೆ ಅವನ ಹುಡುಗಿ ಕೂರುವುದು ಊರಿನ ಪದ್ಧತಿ. ಇವರ ಕಾರಿನಲ್ಲಿ ಓಡಿಸುವವಳು ಹುಡುಗಿ, ಹಾಗಾಗಿ ನಡುವೆ ಕೂತವನು ಆರಡಿ ಮೂರಂಗುಲದ ನಾರ್ಬರ್ಟ್. ಅವನಿಗೂ ಓಡಿಸುವ ಆಸೆ ಇತ್ತು. ಒಂದು ಭಾನುವಾರ ಸ್ಮಶಾನದ ರಸ್ತೆಯಲ್ಲಿ ಆಕೆ ಕಲಿಸಲು ಹೊರಟಳು. ಕಾರು ಒಂಬತ್ತು ಸಲ ಎಂಜಿನ್ನು ಬಂದಾಗಿ ನಿಂತಿತು. ಹತ್ತನೇ ಸಲ ಹಿಂದಕ್ಕೆ ಹಾರಿ ಸ್ಮಶಾನದ ಗೇಟಿನ ಕಂಬಕ್ಕೆ ಗುದ್ದಿತು. ಸತ್ತವರು ಮಲಗಿಕೊಳ್ಳಲಿ ಎಂದು ಹೇಳಿ ಅರ್ಲೀನ್ ಬೀಗದ ಕೈ ತೆಗೆದುಕೊಂಡಳು. ಅದಾದ ಮೇಲೆ ನಾರ್ಬರ್ಟ್ ಜೀವಮಾನವಿಡೀ ಗೇರು ಹಾಕುವ ಗೋಜಿಲ್ಲದ ಗಾಡಿಯನ್ನೇ ಓಡಿಸಿದ.

ಕಾರು 1974ರಲ್ಲಿ ಹೋಯಿತು. ‘ನನ್ನ ಷೆವೆಲ್’ ಎಂದು ನಾರ್ಬರ್ಟ್ ಮೊದಲು ಯಾವಾಗ ಅಂದನೋ ಅವನಿಗೇ ನೆನಪಿಲ್ಲ. ಅರ್ಲೀನ್ ಪಕ್ಕದಲ್ಲೇ ಇದ್ದರೂ ತಿದ್ದಲಿಲ್ಲ. ಗಂಡನ ಕೆಲಸ ಹೋಗಿದ್ದ ದಿನಗಳವು, ಒಂದು ಮಾತಿನಿಂದ ಅವನ ಬೆನ್ನು ನೆಟ್ಟಗಾಗುವುದಾದರೆ ಆಗಲಿ ಎಂದುಕೊಂಡಳಂತೆ. ಆ ಬೆನ್ನು ನಲವತ್ತು ವರ್ಷ ನೆಟ್ಟಗೇ ಉಳಿಯುತ್ತದೆ ಎಂದು ಆಕೆಗೇನು ಗೊತ್ತು.

2017ರ ಆಗಸ್ಟಿನಲ್ಲಿ ಅರ್ಲೀನಳ ಚಾಲನಾ ಪರವಾನಗಿ ಹೋಯಿತು. ಕಣ್ಣಿನ ರೋಗ. ನೋಟದ ನಡುಭಾಗ ಮಸುಕಾಗಿ ಅಂಚುಗಳು ಮಾತ್ರ ಉಳಿದವು. ಎದುರಿಗೆ ನಿಂತವರ ಕಿವಿ ಕಾಣುತ್ತದೆ, ಮುಖ ಕಾಣುವುದಿಲ್ಲ. ನಾರ್ಬರ್ಟನ ಮುಖ ನಲವತ್ತಾರು ವರ್ಷ ನೋಡಿದ್ದು ಸಾಕು, ಇನ್ನು ಕಿವಿಯ ಸರದಿ ಎಂದು ಆಕೆ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದಳು. ಪರವಾನಗಿಯನ್ನು ಕಚೇರಿಯ ಕಿಟಕಿಯಲ್ಲಿ ಕೊಟ್ಟು ಬಂದ ದಿನ ಮಾತ್ರ ನಗಲಿಲ್ಲ. ಮನೆಯ ಮುಂದೆ ನಿಂತಿದ್ದ ಗಾಡಿಯ ಬಾನೆಟ್ಟಿನ ಮೇಲೆ ಕೈಯಿಟ್ಟು, ಅದು ತಣ್ಣಗಾಗುವವರೆಗೂ ಅಲ್ಲೇ ನಿಂತಿದ್ದಳು.

ಅದೇ ತಿಂಗಳು ಕ್ಲಬ್ಬು ವರ್ಷದ ಪ್ರದರ್ಶನದ ವಿಷಯ ಪ್ರಕಟಿಸಿತು. ಫಳಫಳ ಹೊಳೆಯುವ ಹೊಸ ಕಾರುಗಳನ್ನು ನೋಡಿ ನೋಡಿ ಸಾಕಾಗಿದೆ, ಈ ಸಲ ಪ್ರತಿಯೊಬ್ಬನೂ ತನ್ನ ಸ್ವಂತ ಕಾರನ್ನು ಅದು ಕೈಬಿಟ್ಟುಹೋದ ದಿನ ಹೇಗಿತ್ತೋ ಹಾಗೆಯೇ ಕಟ್ಟಬೇಕು. ತುಕ್ಕು, ನೆಗ್ಗು, ಹರಿದ ಸೀಟು, ಎಲ್ಲವೂ ಇರಬೇಕು. ಕಾರಿನ ಮುಂದೆ ಒಂದು ಕಾರ್ಡು, ಕಾರ್ಡಿನಲ್ಲಿ ನಾಲ್ಕು ಸಾಲು: ಕಾರು, ಬಣ್ಣ, ಮಾಲೀಕರು, ಕೈಬಿಟ್ಟ ದಿನ.

ಇದನ್ನು ಕೇಳಿಕೊಂಡು ಬಂದ ನಾರ್ಬರ್ಟ್ ಊಟದ ಹೊತ್ತಿಗೆ ಹೆಂಡತಿಗೆ ಹೇಳಿದ. ಆಕೆ ಚಮಚ ಕೆಳಗಿಟ್ಟಳು.

"ಮೂರನೇ ಸಾಲಲ್ಲಿ ನನ್ನ ಹೆಸರು ಬರಿ ನಾರ್ಬ್."

"ಆಗ ನೋಡೋಣ ಬಿಡೆ."

"ನೋಡೋದೇನಿದೆ. ಕಾಗದದಲ್ಲಿ ಅಪ್ಪನ ಹೆಸರಿತ್ತು. ಬಾಯಲ್ಲಿ ನಿನ್ನ ಹೆಸರಾಯ್ತು. ಲೈಸೆನ್ಸೂ ವಾಪಸ್ ತಗೊಂಡ್ರು. ನಾನೂ ಗಾಡಿ ಓಡಿಸಿದ್ದೆ ಅಂತ ಎಲ್ಲಾದ್ರೂ ಒಂದು ಕಡೆ ಬರೆದಿರಲಿ. ಅಂಗೈಯಗಲದ ಕಾರ್ಡ್ ಸಾಕು."

ನಾರ್ಬರ್ಟ್ ಆಲೂಗಡ್ಡೆಯ ಕಡೆ ಬಹಳ ಗಮನ ಕೊಟ್ಟ. ಅವನ ಕಷ್ಟವೂ ಸಣ್ಣದಲ್ಲ. ಆ ಮೂರನೇ ಸಾಲಿನಲ್ಲಿ ಅವಳ ಹೆಸರು ಬರೆದರೆ ಹದಿನೈದು ವರ್ಷದ ಗುರುವಾರಗಳೆಲ್ಲ ಒಂದೇ ಏಟಿಗೆ ಕುಸಿಯುತ್ತವೆ. ಎಂಜಿನ್ನು ಕುಗ್ಗುತ್ತದೆ. ಗೇರು ಹಾಕಲು ಬರುವುದಿಲ್ಲ ಎಂಬುದು ಬಯಲಾಗುತ್ತದೆ. ನಮ್ಮಲ್ಲಿ ಕೊಲೆ ಮಾಡಿ ಜೈಲಿಗೆ ಹೋಗಿ ಬಂದವನು ಕ್ಲಬ್ಬಿಗೆ ಸೇರಬಹುದು. ಕ್ಲಚ್ಚು ಬಾರದವನ ವಿಷಯ ಗೊತ್ತಿಲ್ಲ.

ಎರಡೂವರೆ ತಿಂಗಳು ಕೆಲಸ ನಡೆಯಿತು. ಅರ್ಲೀನ್ ಫ್ರೀಜರಿನ ಮುಚ್ಚಳದ ಮೇಲೆ ಕಾಲು ಇಳಿಬಿಟ್ಟು ಕೂತು ನೆನಪು ಹೇಳುವಳು, ನಾರ್ಬರ್ಟ್ ಕಟ್ಟುವನು. ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪು ಮೊದಲು ತಿಂದದ್ದು ಬಲಬಾಗಿಲಿನ ಕೆಳಗಂಚನ್ನು, ಆಮೇಲೆ ಹಿಂದಿನ ಚಕ್ರದ ಮೇಲಿನ ಕಮಾನನ್ನು. ಅಡುಗೆಮನೆಯ ದಾಲ್ಚಿನ್ನಿ ಪುಡಿಗೆ ಕಂದು ಬಣ್ಣ ಬೆರೆಸಿ ಹಚ್ಚಿದಾಗ ಸಾಕ್ಷಾತ್ ತುಕ್ಕೇ ಬಂದಿಳಿಯಿತು, ಸುವಾಸನೆ ಮಾತ್ರ ಸ್ವಲ್ಪ ಹೆಚ್ಚು. ಹೊಲಿಗೆ ದಾರ ಎಂಜಿನ್ನಿನ ತಂತಿಯಾಯಿತು. ಮೇಣದಬತ್ತಿಯ ಮೇಲೆ ಕಾಯಿಸಿ ಎಳೆದ ಪ್ಲಾಸ್ಟಿಕ್ ಎಳೆ ರೇಡಿಯೋದ ಕಡ್ಡಿಯಾಯಿತು. ಸೀಟಿನ ಹೊಲಿಗೆಯ ಗೆರೆ ಎಷ್ಟಿದ್ದವು ಎಂದು ನಾರ್ಬರ್ಟ್ ಪುಸ್ತಕ ತೆರೆದರೆ, ಅದನ್ನು ಮುಚ್ಚು, ನಾನೇ ಹೊಲಿದಿದ್ದೇನೆ ಎಂದು ಅರ್ಲೀನ್ ಬೆರಳು ಮಡಿಸಿ ಎಣಿಸಿದಳು. ಹಿಂಬದಿಯಲ್ಲಿ ಸ್ಮಶಾನದ ಕಂಬದ ನೆಗ್ಗನ್ನು ಅವನು ಯಾರೂ ಹೇಳದೆ ತಾನೇ ಮಾಡಿದ. ಅದೊಂದನ್ನು ಮಾಡಲು ಅವನಿಗೆ ಹಕ್ಕಿತ್ತು.

ಒಮ್ಮೊಮ್ಮೆ ಅರ್ಲೀನ್ ಮಾತು ನಿಲ್ಲಿಸಿ ಕಣ್ಣು ಮುಚ್ಚುವಳು. ಗಾಳಿಯಲ್ಲಿ ಎಡಗಾಲು ಮೆಲ್ಲಗೆ ಒತ್ತುವುದು, ಬಲಗೈ ಮಂಡಿಯ ಪಕ್ಕದಲ್ಲಿ ಮೇಲೆ ಹೋಗಿ ಕೆಳಗಿಳಿಯುವುದು. ಸರೋವರದ ದಂಡೆಯ ರಸ್ತೆಯಲ್ಲಿ ಎಲ್ಲೋ ಒಂದು ತಿರುವು ಆಕೆಯ ಮುಂದೆ ಬಂದಿರುತ್ತಿತ್ತು. ಆಗ ನಾರ್ಬರ್ಟ್ ಉಪ್ಪುಕಾಗದದಿಂದ ತಿಕ್ಕುವುದನ್ನು ನಿಲ್ಲಿಸಿ, ಸದ್ದು ಮಾಡದೆ, ಆಕೆ ತಿರುವು ದಾಟಲೆಂದು ಕಾಯುತ್ತಿದ್ದ.

ಸೀಟನ್ನು ಅಂಟಿಸುವಾಗ ಮಾತ್ರ ಅವನು ಒಬ್ಬನೇ ಇದ್ದ. ಕಾರು ಜೋಡಿಸುವ ಕಿಟ್ಟಿನ ಜೊತೆ ಬಂದ ಚೀಟಿಯಲ್ಲಿ ತೋರಿಸಿದ ಜಾಗದಲ್ಲೇ ಅಂಟಿಸಿ ಊಟಕ್ಕೆ ಹೋದ. ಬಂದು ನೋಡಿದರೆ ಅದು ಯಾರದೋ ಕಾರು. ಎಲ್ಲ ಸರಿಯಿದೆ, ಆದರೆ ಯಾರದೋ. ಚಾಕು ಹಾಕಿ ಎಬ್ಬಿಸಿ ಮುಂದಕ್ಕೆ ಸರಿಸಿದ. ಇನ್ನೂ ಸ್ವಲ್ಪ. ಸ್ಟಿಯರಿಂಗಿಗೆ ತಾಗುವ ಹಾಗಾದಾಗ ಕೈ ನಿಂತಿತು. ಇದೇ ಅದು. ಡ್ಯಾಶ್‌ಬೋರ್ಡಿನ ನಡುವೆ ಯಾರದೋ ಮಂಡಿ ಉಜ್ಜಿ ಉಜ್ಜಿ ಬಣ್ಣ ಹೋದ ಎರಡು ಕಲೆಗಳನ್ನೂ ಹಾಕಿದ. ಇಷ್ಟೆಲ್ಲ ಮಾಡಿದ್ದು ಕೈ. ಆ ಸೀಟು ನಾಳೆ ಯಾರ ಪರ ಸಾಕ್ಷಿ ಹೇಳುತ್ತದೆ ಎಂದು ತಲೆ ಯೋಚಿಸಲಿಲ್ಲ.

ಪ್ರದರ್ಶನ ಅಕ್ಟೋಬರಿನ ಕೊನೆಯ ಭಾನುವಾರ. ಬೆಳಗ್ಗೆ ಅಡುಗೆಮನೆಯಲ್ಲಿ ಅರ್ಲೀನ್ ಪ್ರದರ್ಶನದಲ್ಲಿ ಮಾರಲು ಬೇಯಿಸಿದ ಸಿಹಿ ಪೈಗಳನ್ನು ಬುಟ್ಟಿಗೆ ತುಂಬುತ್ತಿದ್ದಳು. ನಾರ್ಬರ್ಟ್ ಮೇಜಿನ ಆ ತುದಿಯಲ್ಲಿ ಕಾರ್ಡು ಬರೆಯುತ್ತಿದ್ದ. ಆಕೆ ತಲೆಯೆತ್ತದೆ ಕೇಳಿದಳು.

"ಬರೆದೆಯಾ?"

"ಬರೆದೆ."

ಬರೆದದ್ದು ತನ್ನದೇ ಹೆಸರು. ಹದಿನೈದು ವರ್ಷದ ರೂಢಿ, ಪೆನ್ನು ತಾನೇ ಓಡಿಬಿಟ್ಟಿತು ಎಂದು ಆಮೇಲೆ ಹೇಳಿದ. ಹರಿದು ಬೇರೆ ಕಾರ್ಡು ಬರೆಯಲು ಹೊತ್ತಿತ್ತು. ಆಕೆಗೆ ಓದಲು ಕಾಣುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಕಾರ್ಡನ್ನು ಜೇಬಿನೊಳಗಿಟ್ಟುಕೊಂಡು ಗಾಡಿ ಹತ್ತಿದ.

ತೀರ್ಪುಗಾರ ಹೋಬರ್ಟ್ ಪೈಕ್. ಅಚ್ಚುಗಳನ್ನು ಕೊರೆಯುವ ಕೆಲಸದಿಂದ ನಿವೃತ್ತನಾದವನು, ಇಂಚಿನ ಸಾವಿರದ ಒಂದು ಪಾಲು ತಪ್ಪಿದರೂ ನಿದ್ದೆಗೆಡುವವನು. ದಂತವೈದ್ಯರ ಕನ್ನಡಿ, ಬೆರಳುದ್ದದ ಟಾರ್ಚು, ಇವೆರಡೇ ಅವನ ಆಯುಧ. ಕಾರನ್ನು ಮುಟ್ಟುವ ಹಾಗಿಲ್ಲ ಎಂಬುದು ಮೊದಲ ನಿಯಮ. ಕಾರ್ಡನ್ನು ಮೊದಲು ಎಲ್ಲರಿಗೂ ಕೇಳುವಂತೆ ಓದಿ ಆಮೇಲೆ ಕಾರು ನೋಡುವುದು ಅವನ ಪದ್ಧತಿ. ಇದನ್ನು ನಾರ್ಬರ್ಟ್ ಮರೆತದ್ದು ಹೇಗೋ, ನನಗಂತೂ ಅರ್ಥವಾಗಿಲ್ಲ. ಅರ್ಲೀನಳ ಪೈ ಮಾರುವ ಮೇಜು ಆರು ಹೆಜ್ಜೆ ದೂರದಲ್ಲಿತ್ತು.

ಹೋಬರ್ಟ್ ಗಂಟಲು ಸರಿಮಾಡಿಕೊಂಡು ಓದಿದ. ಷೆವೆಲ್, 1970. ಕಡುನೀಲಿ. ಮಾಲೀಕರು, ನಾರ್ಬರ್ಟ್ ಗಪಿನ್ಸ್ಕಿ.

ಅರ್ಲೀನ್ ಪೈ ಕತ್ತರಿಸುತ್ತಿದ್ದಳು, ಕತ್ತರಿಸುತ್ತಲೇ ಇದ್ದಳು.

ಹೋಬರ್ಟ್ ಬಾಗಿ ಟಾರ್ಚು ಬಿಟ್ಟ. ತುಕ್ಕು ನೋಡಿ ಹೂಂಗುಟ್ಟಿದ. ಹಿಂದಿನ ನೆಗ್ಗು ನೋಡಿ ತಲೆದೂಗಿದ. ಕನ್ನಡಿಯನ್ನು ಕಿಟಕಿಯೊಳಗೆ ತೂರಿಸಿ ಬಹಳ ಹೊತ್ತು ನೋಡಿದ. ಆಮೇಲೆ ಸೊಂಟ ಹಿಡಿದುಕೊಂಡು ಎದ್ದ.

"ನಾರ್ಬ್, ನಿನ್ನ ಎತ್ತರ ಎಷ್ಟಪ್ಪಾ?"

"ಆರಡಿ ಮೂರಿಂಚು. ಯಾಕೆ, ಸೂಟ್ ಹೊಲಿಸಿಕೊಡ್ತೀಯಾ?"

"ಈ ಸೀಟಿಗೂ ಸ್ಟಿಯರಿಂಗಿಗೂ ನಡುವೆ ಗಾಳಿ ಹೋಗಕ್ಕೂ ಜಾಗ ಇಲ್ಲ. ಓಡಿಸೋವಾಗ ಮಂಡಿ ಎಲ್ಲಿಟ್ಕೋತಿದ್ದೆ, ಕಿವಿಯೊಳಗಾ?"

ಎಲ್ಲರೂ ನಕ್ಕರು. ಆ ನಗುವಿನಲ್ಲಿ ವಿಷವಿರಲಿಲ್ಲ. ನಾರ್ಬರ್ಟನ ಬಳಿ ಮೂರು ಉತ್ತರಗಳು ತಯಾರಿದ್ದವು: ಸೀಟಿನ ಹಳಿ ತುಕ್ಕು ಹಿಡಿದು ಸಿಕ್ಕಿಕೊಂಡಿತ್ತು, ಅಂಟು ಒಣಗುವಾಗ ಸೀಟು ಜಾರಿತು, ಆಗ ನಾನು ಸಣ್ಣಗಿದ್ದೆ. ಮೂರರಲ್ಲಿ ಯಾವುದನ್ನು ಹೇಳಿದ್ದರೂ ನಾವು ನಂಬುತ್ತಿದ್ದೆವು. ಪರಸ್ಪರ ನಂಬುವುದು ನಮ್ಮ ಕ್ಲಬ್ಬಿನ ಮುಖ್ಯ ಚಟುವಟಿಕೆ.

ಅವನು ಪೈ ಮೇಜಿನ ಕಡೆ ನೋಡಿದ. ಎಂಟು ತುಂಡಾಗಬೇಕಿದ್ದ ಪೈಯನ್ನು ಅರ್ಲೀನ್ ಮೂವತ್ತೆರಡು ತುಂಡು ಮಾಡಿದ್ದಳು. ಚಾಕು ಇನ್ನೂ ಆಡುತ್ತಿತ್ತು.

"ಕಾರು ನಂದಲ್ಲ," ಎಂದ ನಾರ್ಬರ್ಟ್.

ನಗು ಒಂದೊಂದಾಗಿ ನಿಂತಿತು.

"ಅರ್ಲೀನಳದು. ಕೊಂಡಿದ್ದು ಅವಳು, ಓಡಿಸಿದ್ದು ಅವಳು. ನಾನು ನಡುವೆ ಕೂರ್ತಿದ್ದೆ."

ಹೋಬರ್ಟ್ ಕನ್ನಡಿ ಇಳಿಸಿದ. "ನಡುವೆ ಅಂದ್ರೆ, ಹುಡುಗೀರು ಕೂರೋ ಜಾಗದಲ್ಲಾ?"

"ಅಲ್ಲೇ. ಡ್ಯಾಶ್‌ಬೋರ್ಡ್ ಮೇಲೆ ಕಲೆ ನೋಡಿದೆಯಲ್ಲ, ಅವು ನನ್ನ ಮಂಡೀದು." ಅವನು ಕೈಯೊರಸಿಕೊಂಡ. "ಇನ್ನೊಂದೂ ಹೇಳ್ಬಿಡ್ತೀನಿ. ನಂಗೆ ಗೇರ್ ಹಾಕಕ್ಕೆ ಬರಲ್ಲ. ಯಾವತ್ತೂ ಬಂದಿಲ್ಲ."

ಯುದ್ಧದಲ್ಲಿ ಸೇನಾಪತಿಯೊಬ್ಬ ತನಗೆ ಬಿಲ್ಲು ಹಿಡಿಯಲು ಬಾರದು ಎಂದಿದ್ದರೂ ಇಷ್ಟು ಮೌನ ಕವಿಯುತ್ತಿರಲಿಲ್ಲ.

ಅರ್ಲೀನ್ ಚಾಕು ಕೆಳಗಿಟ್ಟು, ಮೇಜಿನ ಅಂಚು ತಡವಿಕೊಂಡು ಬಂದಳು. ಗಂಡನ ಮುಂದೆ ನಿಂತು ಅವನ ಮುಖ ಕಾಣಲೆಂದು ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿದಳು.

"ಬೆಳಗ್ಗೆ ಬರೆದೆ ಅಂದೆ."

"ಅಂದೆ."

"ನಂಗೆ ಕಾಣಲ್ಲ ಅಂತ ಅಂದೆ."

"ಹೂಂ."

"ಅದನ್ನ ಮನೇಲಿ ವಿಚಾರಿಸ್ಕೋತೀನಿ." ಆಕೆ ಹೋಬರ್ಟನ ದಿಕ್ಕಿಗೆ ಕೈ ಚಾಚಿದಳು. "ನಂಗೊಂದು ಹೊಸ ಕಾರ್ಡ್ ಕೊಡಿ."

ಹೋಬರ್ಟ್ ನಿಯಮದ ಮನುಷ್ಯ. ಮಧ್ಯಾಹ್ನದ ಗಂಟೆ ಹೊಡೆದ ಮೇಲೆ ಕಾರ್ಡು ಬದಲಾಯಿಸಿದರೆ ಆ ಕಾರು ಸ್ಪರ್ಧೆಯಿಂದ ಹೊರಗೆ ಎಂದು ಬಹಳ ಸಂಕಟದಿಂದ ವಿವರಿಸಿದ. ಈ ಸೀಟಿಗೆ ತಾನು ಮೊದಲ ಬಹುಮಾನವನ್ನೇ ಕೊಡುವವನಿದ್ದೆ ಎಂದೂ ಸೇರಿಸಿದ. ಅರ್ಲೀನ್ ಚಾಚಿದ ಕೈಯನ್ನು ಹಿಂತೆಗೆಯಲಿಲ್ಲ. ಅವನು ಕಾರ್ಡು ಕೊಟ್ಟ.

ಆಕೆ ಮೇಜಿನ ಮೇಲೆ ಬಾಗಿ, ಕಣ್ಣಂಚಿನಿಂದ ಕಾಗದ ಹುಡುಕಿ, ಬರೆದಳು. ಗೆರೆ ಕಾಣದ ಕಾರಣ ಅಕ್ಷರಗಳು ಮೂರನೇ ಸಾಲಿನಲ್ಲಿ ನಿಲ್ಲದೆ ಹತ್ತಿ ಇಳಿದು ನಾಲ್ಕೂ ಸಾಲುಗಳನ್ನು ತುಂಬಿದವು. ಅರ್ಲೀನ್ ಕೊಜಾಕ್, ತವರಿನ ಹೆಸರು. ಬೇರೆ ಯಾವುದಕ್ಕೂ ಜಾಗ ಉಳಿಯಲಿಲ್ಲ.

"ಎಂಜಿನ್ ಮುನ್ನೂರ ಐವತ್ತು," ಎಂದಳು ಪೆನ್ನು ಮುಚ್ಚುತ್ತಾ. "ಇವನು ಏನೇ ಹೇಳಿದ್ರೂ."

ಹೋಬರ್ಟ್ ಕಾರ್ಡನ್ನು ಕಾರಿನ ಮುಂದೆ ನಿಲ್ಲಿಸಿದ. ಆಮೇಲೆ, ಪದ್ಧತಿ ಬಿಡಲಾರದೆ, ನಾಲ್ಕನೇ ಸಾಲನ್ನು ಬಾಯಲ್ಲಾದರೂ ಹೇಳಿ ಎಂದು ಕೇಳಿದ. ಕೈಬಿಟ್ಟ ದಿನ.

ಅದು ಮಾರ್ಚ್ ತಿಂಗಳು, ಮಂಗಳವಾರ. ಕೊಂಡವನು ಸ್ಯಾಂಡಸ್ಕಿಯ ಕಡೆಯ ಹುಡುಗ. ಮನೆಯವರೆಗೆ ಬಿಡುತ್ತೇನೆ ಎಂದನಂತೆ. ಅದರಲ್ಲಿ ಪಕ್ಕಕ್ಕೆ ಕೂತು ಬರಲಾರೆ ಎಂದು ಅರ್ಲೀನ್ ನಾಲ್ಕು ಮೈಲಿ ನಡೆಯಲು ಹೊರಟಳು. ತಿರುಗಿ ನೋಡಲಿಲ್ಲ. ಆದರೆ ಕಿವಿ ಮುಚ್ಚಿಕೊಳ್ಳಲಾಗಲಿಲ್ಲ.

"ಸೇತುವೆ ಹತ್ರ ಅವನು ಎರಡರಿಂದ ಮೂರಕ್ಕೆ ಹಾಕಿದ್ದು ಕೇಳಿಸ್ತು," ಎಂದಳು. "ಗೇರ್ ಕಿರುಚುತ್ತೆ, ಅವನಿಗೆ ಬರಲ್ಲ, ವಾಪಸ್ ತಂದು ಕೊಡ್ತಾನೆ ಅಂತ ನಿಂತ್ಕೊಂಡೆ. ಕಿರುಚಲಿಲ್ಲ. ಬೆಣ್ಣೆ ಥರ ಹಾಕ್ದ. ನಾನು ಹಾಕೋ ಹಾಗೇ ಹಾಕ್ದ. ನಾಲ್ಕಕ್ಕೂ ಹಾಗೇ. ಆಮೇಲೆ ಕೇಳಿಸಲಿಲ್ಲ."

ನಮ್ಮಲ್ಲಿ ಒಬ್ಬ ತನ್ನ ಕಾರಿನ ಕಥೆ ಮುಗಿಸಿದರೆ ಇನ್ನೊಬ್ಬ ಉಸಿರು ಬಿಡುವುದಕ್ಕೂ ಪುರುಸೊತ್ತು ಕೊಡದೆ ತನ್ನ ಕಾರನ್ನು ಅದರ ಮೇಲೆ ಹತ್ತಿಸುತ್ತಾನೆ. ಅವತ್ತು ಯಾರೂ ಹತ್ತಿಸಲಿಲ್ಲ.

ನಾರ್ಬರ್ಟ್ ಈ ಕಥೆಯನ್ನು ನಮ್ಮಂತೆಯೇ ಮೊದಲ ಸಲ ಕೇಳಿದ್ದ. ತಗ್ಗಿದ ದನಿಯಲ್ಲಿ ಕೇಳಿದ.

"ಎಷ್ಟು ಹೊತ್ತು ನಿಂತಿದ್ದೆ ಅಲ್ಲಿ?"

"ಗೊತ್ತಿಲ್ಲ. ಬೆರಳು ಮರಗಟ್ಟೋವರೆಗೂ," ಎಂದಳು ಅರ್ಲೀನ್. "ಮನೆಗೆ ಬಂದ್ರೆ ನೀನು ಸೂಪ್ ಸೀಯಿಸಿ ಇಟ್ಟಿದ್ದೆ. ಇಬ್ಬರೂ ಅದನ್ನೇ ಕುಡಿದ್ವಿ."